ಹಿಂಬದಿಯ ಕೆಂಪು ಚೌಕ

ಜನವರಿ 6, ಸೋಮವಾರ

ರೊಟ್ಟಿ ಬಡಿಯುವಾಗ ಅಂಗಳದಿಂದ ಗಂಡನ ಕೂಗು. ಹಿಟ್ಟಿನ ಕೈಯಲ್ಲೇ ಓಡಿದೆ. ನಮ್ಮ ಕಬ್ಬಿನ ಟ್ರೇಲರ್ ಹಿಂಬದಿಯ ನೀಲಿ ತಗಡಿನ ಮೇಲೆ ಯಾರೋ ಕೆಂಪು ಸ್ಪ್ರೇ ಹೊಡೆದಿದ್ದಾರೆ. ಬರಹ ಇಲ್ಲ, ಬೈಗುಳ ಇಲ್ಲ. ಒಂದು ದೊಡ್ಡ ಚೌಕ, ಅಷ್ಟೇ. ಒಳಗೆಲ್ಲ ತುಂಬಿದ ಕೆಂಪು. ಕೆಳಗೆ ಸೋರಿ ಒಣಗಿದ ಗೆರೆಗಳು.

"ಹುಡುಗರ ಕಿತಾಪತಿ ಇರಬೇಕ್ರಿ," ಅಂದೆ. ನಕ್ಕೆ ಕೂಡ.

ಇವರು ನಗಲಿಲ್ಲ. ಮುಖ ಬಿಳಿಚಿತ್ತು. "ನಗಾಕತ್ತೀಯೇನ್ ಬೇ? ಮಂದಿ ನೋಡೋದ್ರೊಳಗ ಇದು ಹೋಗಬೇಕು. ಸೀಮೆಎಣ್ಣಿ ತಾ."

ಸೀಮೆಎಣ್ಣೆಗೆ ಜಗ್ಗಲಿಲ್ಲ. ಇವರೇ ಆಳಂದಕ್ಕೆ ಹೋಗಿ ಥಿನ್ನರ್ ತಂದರು. ನನ್ನ ಹಳೆ ಸೀರೆ ಹರಿದು ಇಬ್ಬರೂ ತಿಕ್ಕಿದೆವು. ಕೆಂಪಿನ ಜೊತೆ ನೀಲಿಯೂ ಎದ್ದು ಬಂತು. ಮೂಲೆಯಲ್ಲಿ ಟ್ರೇಲರ್ ಕಟ್ಟಿದವನ ಹೆಸರಿದೆ — ಬೀರಣ್ಣ ವೆಲ್ಡಿಂಗ್, ಕಡಗಂಚಿ. ಕೆಳಗೆ ಫೋನ್ ನಂಬರ್. ಅದನ್ನು ಉಳಿಸಿ ತಿಕ್ಕುತ್ತಿದ್ದೆ. "ಅದೂ ಹೋಗ್ಲಿ," ಅಂದರು. ನಾನು ಕೇಳಿಸದವಳಂತೆ ಪಕ್ಕದ್ದನ್ನೇ ತಿಕ್ಕಿದೆ.

ಅತ್ತೆ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ. ಎಳ್ಳಮಾವಾಸ್ಯೆಯಿಂದ ಹೀಗೇ... ಅವತ್ತು ಹೊಲಕ್ಕೆ ಬುತ್ತಿ ಹೊತ್ತು ಬಂದವರು ಹಬ್ಬದ ಭಜ್ಜಿ ಪಲ್ಯವನ್ನು ಬಾಯಿಗೂ ಇಡಲಿಲ್ಲ.

ಕೈ ಉರಿಯುತ್ತಿದೆ. ಅನ್ನಕ್ಕೂ ಥಿನ್ನರ್ ವಾಸನೆ.

ಜನವರಿ 7

ಬಣ್ಣ ಎದ್ದ ಜಾಗದಲ್ಲಿ ತಗಡು ತಗ್ಗಾಗಿದೆ. ಮುಷ್ಟಿಯಷ್ಟು. ಅದರ ಸುತ್ತ ಇದ್ದ ನೀಲಿ ಬೇರೆ, ಉಳಿದ ನೀಲಿ ಬೇರೆ. ಈಚೆಗೆ ಹಚ್ಚಿದ್ದು. ಟ್ರೇಲರ್‌ಗೆ ಬಣ್ಣ ಹಚ್ಚಿಸುವುದು ದಸರೆಗೆ. ಕಬ್ಬು ಸಾಗಿಸುವ ಗಡಿಬಿಡಿಯಲ್ಲಿ ಯಾರು ಹಚ್ಚಿಸುತ್ತಾರೆ?

ಕೇಳಿದೆ. "ಸಕ್ಕರಿ ಫ್ಯಾಕ್ಟರಿ ಮುಂದ ಪಾಳಿನ್ಯಾಗ ನಿಂತಾಗ ಯಾವಂದೋ ಟ್ರ್ಯಾಕ್ಟರ್ ಬಡೀತು. ಅಫಜಲಪುರದಾಗ ಬಣ್ಣ ಹೊಡಿಸ್ದೆ."

"ಕಡಗಂಚಿ ಬಿಟ್ಟು ಅಲ್ಲಿತನಕ ಯಾಕ್ರಿ?"

"ಬೀರಣ್ಣನ ಅಂಗಡಿ ಬಂದ್ ಇತ್ತು. ತಮ್ಮ ಸತ್ತಾನಲ್ಲ."

ಹೌದು, ಗುರುನಾಥ. ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ಭೂಸನೂರ ರಸ್ತೆಯಲ್ಲಿ ನಿಂತಿದ್ದ ಯಾವುದೋ ಕಬ್ಬಿನ ಟ್ರೇಲರ್‌ಗೆ ಬೈಕ್ ಗುದ್ದಿ ಸತ್ತ ಹುಡುಗ. ಕತ್ತಲಲ್ಲಿ ಕಂಡಿಲ್ಲ. ಆ ಟ್ರೇಲರ್ ಇನ್ನೂ ಸಿಕ್ಕಿಲ್ಲ.

ಇಷ್ಟು ಬರೆದು, ಎದ್ದು ಹೋಗಿ ಆ ತಗ್ಗನ್ನು ಮತ್ತೊಮ್ಮೆ ಮುಟ್ಟಿ ಬಂದೆ.

ಜನವರಿ 11, ಶನಿವಾರ

ಮತ್ತೆ. ಅದೇ ಜಾಗ, ಅದೇ ಚೌಕ. ನಾಯಿ ಬೊಗಳಲೇ ಇಲ್ಲ! ತೆಗೆದಷ್ಟೂ ತಂದು ಮೆತ್ತುವ ಇದು ಎಂಥ ಹಟ.

ಇವರು ಹಲ್ಲು ಕಚ್ಚಿ ತಿಕ್ಕಿದರು. "ಬೀರಣ್ಣಂದೇ ಕೆಲಸ. ತಾ ಕಟ್ಟಿದ ಗಾಡಿ ಅಂವ ಗುರುತು ಹಿಡಿಯಂಗಿಲ್ಲೇನು?"

"ನಮ್ಮ ಮ್ಯಾಲ ಅವಂಗೇನ್ ಸಿಟ್ಟು? ಗುರುತು ಹಿಡ್ದು ಏನ್ ಮಾಡಾಂವ?"

ತಿಕ್ಕುವ ಕೈ ನಿಂತಿತು. ನನ್ನ ಕಡೆ ನೋಡಿದರು. ಆ ನೋಟಕ್ಕೆ ಹೆದರಿದೆ. ಈ ಮನುಷ್ಯನಿಗೆ ನಾನು ಹೆದರಿದ್ದು ಇದೇ ಮೊದಲು. ತಲೆ ತಗ್ಗಿಸಿ ತಿಕ್ಕಿದೆ. ಬೀರಣ್ಣನ ನಂಬರಿನ ಕೊನೆಯ ಅಂಕಿ ನನ್ನ ಅರಿವೆ ತುಂಡಿಗೇ ಹತ್ತಿಕೊಂಡು ಬಂತು.

ಜನವರಿ 13, ಸೋಮವಾರ

ನಾಳೆ ಸಂಕ್ರಾಂತಿ. ಉಗ್ರಾಣ ಗುಡಿಸಲು ಹೋದೆ. ತೊಗರಿ ಚೀಲಗಳ ಮೇಲೆ ಹೊದಿಸಿದ್ದ ಬಟ್ಟೆ ಎಳೆದೆ. ಕೆಂಪು ಬಟ್ಟೆ, ನಡುವೆ ಹೊಳೆಯುವ ಬೆಳ್ಳಿ ಪಟ್ಟಿ. ಹಂಗಾಮು ಶುರುವಾಗುವಾಗ ಟ್ರೇಲರ್ ಹಿಂದೆ ಕಟ್ಟಲು ಫ್ಯಾಕ್ಟರಿಯಲ್ಲಿ ಕೊಟ್ಟದ್ದು. ಹಿಂದಿನ ಗಾಡಿಯ ಲೈಟ್ ಬಿದ್ದರೆ ದೂರದಿಂದಲೇ ಕಾಣುತ್ತದೆ. ನೆಲದ ಮೇಲೆ ಹರವಿದೆ.

ಚೌಕ. ಅದೇ ಅಳತೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಆವತ್ತ ಮೋಡ ಆಗಿತ್ತು," ಅಂದರು. "ತೊಗರಿ ತೊಯ್ತದಂತ ನನ್ನ ಮಗ ಗುರುಪಾದ ಗಾಡಿದು ಬಿಚ್ಚಿ ಕೊಟ್ಟ. ನಾನೇ ಹೊಚ್ಚಿದೆ. ಸಂಜೀಕ ಪಂಚರ್ ಆಗಿ ರಸ್ತಾದಾಗ ನಿಂತಾನ. ಹಿಂದ ಬಟ್ಟಿ ಇಲ್ಲ, ಏನಿಲ್ಲ. ಆ ಹುಡುಗ ಬಂದು..."

"ನಿಮಗ ಯಾರು ಹೇಳಿದ್ರಿ?"

"ಅವನೇ. ಬಾಯಿ ಬಿಟ್ರ ಜೇಲಿಗಿ ಹೋಗ್ತೇನಿ ಯವ್ವಾ ಅಂತ ಕಾಲು ಹಿಡ್ಕೊಂಡ. ಹುಡುಗ ಇನ್ನಾ ನರಳಾಕತ್ತಿತ್ತಂತ ಬೇ. ಬಿಟ್ಟು ಬಂದಾನ."

ಅವರ ತೋರುಬೆರಳು ನೋಡಿದೆ. ಉಗುರಿನ ಸಂದಿ ಕೆಂಪು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹೊಡೆಯಲೆಂದು ಇವರು ಕೆಂಪು ಸ್ಪ್ರೇ ಡಬ್ಬಿ ತಂದಿದ್ದರು. ಬುಸ್ ಎಂದ ಸದ್ದಿಗೆ ಎತ್ತು ಬೆದರಿತು. ಡಬ್ಬಿ ಕೊಟ್ಟಿಗೆಯ ಗೂಡಿನಲ್ಲೇ ಉಳಿದಿತ್ತು. ನಾಯಿ ಯಾಕೆ ಬೊಗಳಲಿಲ್ಲ ಎಂದು ಈಗ ತಿಳಿಯಿತು.

"ನನಗ ಬರ್ಯಾಕ ಬರೂದಿಲ್ಲ," ಅಂದರು. "ಅವ ಮರಿಬಾರ್ದು. ಅದಕ್ಕ ಬಟ್ಟಿನೇ ಬರದೆ."

ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಯಾರಿಗಾಗಿ ಅಂತ ಗೊತ್ತಿಲ್ಲ. ನಾನು ಇಷ್ಟು ದಿನ ತಿಕ್ಕಿದ್ದು ಇದನ್ನೇ.

ಜನವರಿ 14, ಸಂಜೆ 5

ಬೆಳಿಗ್ಗೆ ಮೂರನೇ ಸಲ ಚೌಕ ಬಂದಿತ್ತು. ಇವರು ಥಿನ್ನರ್ ಮುಟ್ಟಲಿಲ್ಲ. ಫೋನ್ ಮಾಡಿದರು, ಅಷ್ಟೇ. ಈಗ ಸ್ವಲ್ಪ ಹೊತ್ತಿನ ಹಿಂದೆ ಜೀಪ್ ಬಂತು. ಇಬ್ಬರು ಗಂಡಸರು, ಯಾರೋ ಏನೋ. ಎಳ್ಳುಬೆಲ್ಲ ಕೊಟ್ಟರೆ ಬೇಡ ಅಂದರು. ಇವರು ಕಬ್ಬು ಕಡಿಯುವ ಕತ್ತಿಗಳನ್ನು ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿದರು.

"ಬೀರಣ್ಣನ ಕೂಡ ಮಾತಾಡಿ ಬರ್ತೇನಿ."

"ಮಾತಾಡಾಕ ಕತ್ತಿ ಯಾಕ್ರಿ? ಬಣ್ಣ ಹೊಡ್ದಾಂವ ಅಂವ ಅಲ್ರಿ!"

"ಮತ್ತ ಯಾರು?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಮುಂದೆ ಬಂದು ಬೆರಳು ಚಾಚಿದರು. "ನಾ ಹೊಡ್ದೇನಿ ಗುರುಪಾದ. ನೋಡ್ ಇಲ್ಲಿ."

ಇವರು ಬೆರಳು ನೋಡಲೇ ಇಲ್ಲ. ನಕ್ಕರು! "ಮುದುಕಿಗಿ ಅರಳುಮರಳು. ಒಳಗ ಕರ್ಕೊಂಡು ಹೋಗು." ಜೀಪ್ ಹೋಯಿತು.

5.20

ಟ್ರೇಲರ್ ಹಿಂದೆ ಕುಳಿತು ಬರೆಯುತ್ತಿದ್ದೇನೆ. ಪೊಲೀಸರಿಗೆ ಹೇಳಿದರೆ ಅವರು ಬರುವುದರೊಳಗೆ ಎಲ್ಲ ಮುಗಿದಿರುತ್ತದೆ. ಮೊದಲು ಬೀರಣ್ಣ ಅಲ್ಲಿಂದ ಹೊರಬೀಳಬೇಕು. ಅವನ ನಂಬರ್ ತಗಡಿನ ಮೇಲಿದೆ — ಕೊನೆಯ ಅಂಕಿ ಇಲ್ಲ. ನಾನೇ ಅಳಿಸಿದ್ದು. ಮಸುಕು ಗೆರೆ ನೋಡಿ, ಕೊನೆಗೆ 3 ಸೇರಿಸಿ ಫೋನ್ ಹಚ್ಚಿದೆ. ಎತ್ತಿದವರು ಯಾರೋ ಯಡ್ರಾಮಿಯವರು. 8 ಹಚ್ಚಿದೆ.

"ಯಾರ್ರಿ?" ಬೀರಣ್ಣನೇ.

"ಮನ್ಯಾಗ ಇರಬ್ಯಾಡ್ರಿ, ಎಲ್ಲ್ಯಾದ್ರೂ ಹೋಗ್ರಿ," ಅಂದೆ.

"ಯಾರ್ ನೀವು? ನಾ ಯಾಕ ಹೋಗ್ಲಿ?"

ಕಟ್ ಮಾಡಿಬಿಟ್ಟೆ. ಹೆಸರಿಲ್ಲದವಳ ಮಾತು ಯಾರು ನಂಬುತ್ತಾರೆ? ಹೆಸರು ಹೇಳಿದರೆ ಎಲ್ಲ ಹೇಳಬೇಕು. ಇವರ ಹೆಸರೂ ಹೇಳಬೇಕು. ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಹೇಳಿದ್ದೇ ಕೊನೆ, ಗಂಡನ ಹೆಸರು ಮತ್ತೆ ಬಾಯಿಬಿಟ್ಟು ಹೇಳಿಲ್ಲ. ಇಲ್ಲಿ ಕೂಡ, ಅತ್ತೆಯ ಮಾತಿನಲ್ಲಿ ಬಂದದ್ದು ಬಿಟ್ಟರೆ, ನಾನಾಗಿ ಬರೆದಿಲ್ಲ.

"ಹಚ್ಚು ಬೇ," ಅನ್ನುತ್ತಿದ್ದಾರೆ ಅತ್ತೆ. ಭುಜದ ಮೇಲೆ ಅವರ ಕೈ.

ಹಚ್ಚಿದೆ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಹೇಳಬೇಕಾದ್ದನ್ನು ಮೊದಲು ಬರೆದುಕೊಳ್ಳುತ್ತೇನೆ, ಬಾಯಿ ತಡವರಿಸಬಾರದು — ಬೀರಣ್ಣಾರೆ, ನಾ ಸುವರ್ಣಾ ಮಾತಾಡಾಕತ್ತೇನಿ. ನಿಮ್ಮ ತಮ್ಮ ಗುದ್ದಿದ ಟ್ರೇಲರ್ ನಮ್ದು. ಕತ್ತಿ ತಗೊಂಡು ನಿಮ್ಮ ಕಡೆ ಬರಾಕತ್ತಾಂವ ನನ್ನ ಗಂಡ, ಗುರುಪಾ—