ಬರ್ತೀನಿ ಅನ್ನು

ಮಾರ್ಚ್ 14, ಗುರುವಾರ

ವರ್ಗಾವಣೆ ಅರ್ಜಿ ಕೊಡಲು ನಾಳೆಯೇ ಕೊನೆಯ ದಿನ. ಕಣ್ಣಿನ ವಿಭಾಗದಲ್ಲಿ ಒಂದು ನರ್ಸ್ ಹುದ್ದೆ ಖಾಲಿಯಿದೆ. ವೃದ್ಧ ಮನೋರೋಗಿಗಳ ಈ ವಾರ್ಡಿನ ಬೀಗ ತೆಗೆಯುತ್ತ, ಹಾಕುತ್ತ ನನಗೆ ಒಂಬತ್ತು ವರ್ಷವಾಯಿತು.

ಸಂಜೆ ಟೀಚರಜ್ಜಿ ಎಂದಿನಂತೆ ಹಾಜರಿ ಕರೆದರು. ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಅವರಿಗೆ ವಾರ್ಡೇ ಮೂರನೇ ತರಗತಿ. "ಹಾಜರ್ ಟೀಚರ್" ಅಂದ ಮೇಲೆಯೇ ಎಲ್ಲರೂ ಮಾತ್ರೆ ನುಂಗುವುದರಿಂದ ನಾವೂ ತಡೆಯುವುದಿಲ್ಲ. ನಿದ್ದೆಹೋಗಿದ್ದ ಡ್ರೈವರ್ ತಾತನ ಪರವಾಗಿ ದಪ್ಪ ದನಿಯಲ್ಲಿ ಹಾಜರಿ ಹೇಳಿ ನಾನು ಸಿಕ್ಕಿಬಿದ್ದೆ.

ಕೆಲಸ ಮುಗಿಸಿ ಹೊರಟಾಗ ಅರ್ಜಿಯ ಗುಂಗಿನಲ್ಲಿ, "ಹೋಗ್ತೀನಿ ಟೀಚರಜ್ಜಿ" ಅಂದುಬಿಟ್ಟೆ. ಅವರು ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಹೋಗ್ತೀನಿ ಅನ್ನೋಕೆ ಯಾರೇ ಹೇಳ್ಕೊಟ್ರು ನಿಂಗೆ? ಬರ್ತೀನಿ ಅನ್ನು."

"ಬಸ್ಸು ಹೊರಟೋಗುತ್ತೆ, ದಾರಿ ಬಿಡಿ."

"ಹೋಗ್ಲಿ. ಅದೇನು ನಂಗೆ ಹೇಳಿ ಹೋಗುತ್ತಾ?"

ಆಯಾ ಮುಸಿಮುಸಿ ನಕ್ಕಳು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಹತ್ತು ನಿಮಿಷ ಅಲ್ಲೇ ನಿಂತಿದ್ದು, ಕೊನೆಗೆ "ಬರ್ತೀನಿ" ಅಂದೆ.

"ಎಷ್ಟೊತ್ತಿಗೆ?"

"ಬೆಳಿಗ್ಗೆ ಏಳಕ್ಕೆ."

ಅಂಗೈ ಮೇಲೆ ಬೆರಳಿನಿಂದ ಏಳು ಎಂದು ಬರೆದುಕೊಂಡು ದಾರಿ ಬಿಟ್ಟರು.

ಅರ್ಜಿ ಮುಂದೆಯೇ ಇದೆ. ಹೆಸರು, ಹುದ್ದೆ, ಸೇವಾವಧಿ ತುಂಬಿದ್ದೇನೆ. ಕಾರಣ ಎಂಬಲ್ಲಿ ಎರಡು ಸಲ ಬರೆದು ಹೊಡೆದುಹಾಕಿದೆ. ಕಚೇರಿ ತೆರೆಯುವುದು ಹತ್ತಕ್ಕೆ. ಏಳಕ್ಕೇ ಅವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಮೂರು ಗಂಟೆ ಅವರ ಕಣ್ಣೆದುರು ಓಡಾಡಿದ ಮೇಲೆ ನಾನು ಈ ಕಾಗದವನ್ನು ಕಚೇರಿಗೆ ಹೇಗೆ ಕೊಡಲಿ?