ಅಣ್ಣನ ಎಲೆಗೆ ಜಪಾನಿನ ವಿಸ್ಕಿ

ಅಣ್ಣಾ,

ಈ ಕಾಗದ ಯಾವ ಬಂದರಿಗೂ ಹೋಗುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಕೊನೆಯ ರಜೆಯಲ್ಲಿ ನೀನು ಜಪಾನಿನಿಂದ ತಂದ ವಿಸ್ಕಿಯನ್ನು ಇವತ್ತು ತೆರೆದೆವು. ಪೀಪಾಯಿಯಲ್ಲಿ ಹದಿನೆಂಟು ವರ್ಷ ಮಾಗಿದ್ದು, ಬಾಟಲಿಗೆ ಇಳಿದ ಮೇಲೆ ಅದಕ್ಕೆ ವಯಸ್ಸಾಗುವುದಿಲ್ಲ ಎಂದು ನೀನೇ ಹೇಳಿದ್ದೆ. ಮೈಲಾಪೂರಿನ ಈ ಫ್ಲಾಟಿನ ಕಪಾಟಿನಲ್ಲಿ ಅದು ಹಾಗೆಯೇ ಇತ್ತು, ವಯಸ್ಸಾದದ್ದು ಅಮ್ಮನಿಗೆ.

ನೀನು ಹಡಗಿನಿಂದ ಸಮುದ್ರಕ್ಕೆ ಬಿದ್ದೆಯೆಂಬ ಸುದ್ದಿ ಬಂದ ಮೇಲೂ ಅವಳು ಬಾಟಲಿ ಮುಟ್ಟಗೊಡಲಿಲ್ಲ. "ಅವನೇ ಬಂದು ತೆಗೆಯಲಿ" ಎನ್ನುತ್ತಿದ್ದಳು. ತೀರಿಕೊಂಡವರಿಗೆ ಎಲೆ ಬಡಿಸುವ ಅಗೆಲಿನಲ್ಲೂ ನಿನಗೆ ಎಲೆ ಇರಲಿಲ್ಲ. ಇವತ್ತು ಅಪ್ಪನ ಎಲೆಯ ಪಕ್ಕ ತಾನೇ ಇನ್ನೊಂದು ಹಾಸಿದಳು. ನಾವು ನಡೆಸುವ ಹೋಟೆಲಿನಲ್ಲಿ ಶುದ್ಧ ಸಸ್ಯಾಹಾರ, ಅಗೆಲಿಗೆ ಕೋಳಿಯೇ ಆಧಾರ. ನಮ್ಮ ಮನೆಯ ಈ ಪ್ರಾಸ ಇನ್ನೂ ತಪ್ಪಿಲ್ಲ.

ಮುಚ್ಚಳ ತಿರುಗಿಸಿದಾಗ ಗಂಧದ, ಊದುಬತ್ತಿಯ ಪರಿಮಳ ಬಂತು. ಜಪಾನಿನ ಓಕ್ ಮರದ ಪೀಪಾಯಿಯ ಗುಣ ಅದು ಎಂದೆ.

"ದೇವರ ಕೋಣೆಯ ಹಾಗೆ ಉಂಟಲ್ಲ ಮಾರಾಯ. ಇದನ್ನು ಕುಡುಕರು ಯಾಕೆ ಕುಡಿಯುವುದು?" ಎಂದಳು ಅಮ್ಮ.

ನಿನ್ನ ಎಲೆಯ ಪಕ್ಕದ ಲೋಟಕ್ಕೆ ಸ್ವಲ್ಪ ಬಗ್ಗಿಸಿ, ಬೆರೆಸಲೆಂದು ನೀರಿನ ಚೊಂಬು ಎತ್ತಿದೆ. ಅವಳು ನನ್ನ ಕೈ ಹಿಡಿದಳು.

"ನೀರು ಬೇಡ. ಅವನಿಗೆ ನೀರು ಸಾಕಾಗಿದೆ."