ನಾನು ಕಾಣದ ಕಟ್ಟಡಕ್ಕೆ ನನ್ನ ಸಹಿ

ಅಣ್ಣ,

ಹೇಗಿದ್ದೀರಿ ಎಂದು ಕೇಳಲು ನಾಲಿಗೆ ಏಳುತ್ತಿಲ್ಲ. ಈ ಪತ್ರಕ್ಕೆಂದು ಮೂರು ಸಲ ಕುಳಿತು ಮೂರು ಸಲ ಎದ್ದೆ. ಆ ಬುಧವಾರದಿಂದ ಹೀಗೇ ಆಗಿದ್ದೇನೆ. ಪಾತ್ರೆ ತೊಳೆಯುತ್ತಾ ನಿಂತವಳು ನಲ್ಲಿ ನಿಲ್ಲಿಸುವುದನ್ನೇ ಮರೆಯುತ್ತೇನೆ. "ಅಮ್ಮಾ, ನೀರು!" ಎಂದು ಮಗಳು ಕೂಗಿದರೆ ಬೆಚ್ಚಿಬೀಳುತ್ತೇನೆ. ನೀವು ಹೀಗೆ ಮಾಡಿದಿರಿ ಎಂಬುದು ಗೊತ್ತಾಗಿದೆ, ಆದರೆ ನಂಬಲಾಗುತ್ತಿಲ್ಲ.

ಹೊಲಿಗೆ ಕಾರ್ಖಾನೆ ಮುಚ್ಚಿ ವರ್ಷವಾಗಿತ್ತು. ಕೆಲಸವಿಲ್ಲದವರಿಗೆ ಸರ್ಕಾರ ಆರು ತಿಂಗಳ ಇಂಟರ್ನ್‌ಶಿಪ್ ಕೊಡಿಸುತ್ತದೆ, ಕಂಪನಿ ಕೆಲಸ ಕಲಿಸುತ್ತದೆ, ಭತ್ಯೆ ಸರ್ಕಾರದ್ದು ಎಂದು ಮಗಳೇ ಫಾರ್ಮ್ ತುಂಬಿದ್ದಳು. ಉದ್ಯೋಗ ಕಚೇರಿಯ ಗುಮಾಸ್ತೆ ವಯಸ್ಸಿನ ಕಾಲಂ ನೋಡಿ, "ಮೂವತ್ತೆಂಟಾ? ಕಲಿಯೋಕೆ ಬಂದಿದ್ದೀರೋ, ಕಲಿಸೋಕೋ?" ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ಹಲ್ಲು ಕಿರಿದು, ಆಚೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಲಿಫ್ಟ್ ರಿಪೇರಿ ಕಂಪನಿಗೆ ಹೋಗಬೇಕೆಂದು ಆದೇಶ ಬಂದಾಗ ಇನ್ನಷ್ಟು ಕಂಗಾಲಾದೆ. ಲಿಫ್ಟ್ ಹತ್ತಲೇ ಹೆದರುತ್ತಿದ್ದವಳು ನಾನು.

ಮೊದಲ ದಿನ ನೀವು ಮಾತ್ರ ನಗಲಿಲ್ಲ. "ಹೊಲಿಗೆ ಮೆಷಿನ್ ಸದ್ದು ಕೇಳಿದ್ರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗ್ತಿತ್ತಾ?" ಎಂದು ಕೇಳಿದಿರಿ. ಗೊತ್ತಾಗುತ್ತಿತ್ತು ಅಂದೆ. "ಹಾಗಾದ್ರೆ ಅರ್ಧ ಕಲಿತಾಗಿದೆ ತಂಗಿ. ಇನ್ನರ್ಧಕ್ಕೆ ಆರು ತಿಂಗಳು ಧಾರಾಳ ಆಯ್ತು." ಅಷ್ಟು ಮಾತು ಸಾಕಾಯಿತು. ಅವತ್ತು ಸಂಜೆ ಮನೆಗೆ ಹೋಗಿ, ನನಗೊಬ್ಬ ಅಣ್ಣ ಸಿಕ್ಕಿದ ಎಂದು ಮಗಳಿಗೆ ಹೇಳಿದ್ದೆ.

ಮಾಳಿಗೆ ಮೇಲಿನ ಮೆಷಿನ್ ರೂಮಿನ ಸೆಕೆಯಲ್ಲಿ ಬೆವರು ಸುರಿಸುತ್ತಾ ಉಕ್ಕಿನ ಹಗ್ಗದ ಎಳೆ ತೋರಿಸಿಕೊಟ್ಟಿರಿ. ಬ್ರೇಕಿನ ವಾಸನೆ ಕಲಿಸಿದಿರಿ. ಬಾಗಿಲ ಲಾಕ್ ಕಲಿಸಿದ ದಿನವಂತೂ ನನ್ನ ಕೈಯನ್ನು ಹಿಡಿಯ ಮೇಲಿಟ್ಟು, "ಲಿಫ್ಟ್ ಬಂದು ನಿಂತಿಲ್ಲ ಅಂದ್ರೆ ಈ ಬಾಗಿಲು ಜಪ್ಪಯ್ಯ ಅಂದ್ರೂ ತೆಗೀಬಾರ್ದು. ಪ್ರತಿ ಮಹಡಿಲೂ ನೀನೇ ಎಳೆದು ನೋಡು. ಬೇರೆಯವರು ನೋಡಿದೀನಿ ಅಂದ್ರೆ ನಂಬಬೇಡ, ನಾನು ಅಂದ್ರೂ ನಂಬಬೇಡ" ಎಂದಿರಿ. ನಾನು ನಕ್ಕಿದ್ದೆ. ನಿಮ್ಮನ್ನು ನಂಬದೆ ಇನ್ನಾರನ್ನು ನಂಬಲಿ?

ನಾವು ಇಂಟರ್ನ್‌ಗಳು ಬಂದ ತಿಂಗಳಲ್ಲೇ ಕಂಪನಿ ಮೂವರು ಹಳೆಯ ಮೆಕ್ಯಾನಿಕ್‌ಗಳನ್ನು ಮನೆಗೆ ಕಳಿಸಿತು. ಅವರ ಕಟ್ಟಡಗಳೆಲ್ಲ ನಿಮ್ಮ ತಲೆಗೆ ಬಂದವು. ನೀವು ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸ್ ಒಯ್ಯುವುದನ್ನು ನೋಡಿದ್ದೇನೆ. ನನ್ನನ್ನೋ, ಮ್ಯಾನೇಜರ್ ದೂರುಗಳ ಫೋನ್ ಎತ್ತಲು ಕೂರಿಸಿಬಿಟ್ಟರು. ಇಡೀ ಅವಧಿಯಲ್ಲಿ ನಾನು ನಿಮ್ಮೊಂದಿಗೆ ಹತ್ತಿ ಇಳಿದದ್ದು ಒಂಬತ್ತೇ ಕಟ್ಟಡ.

ಮಂಗಳವಾರ ಬೆಳಿಗ್ಗೆ ಆ ಫೋನನ್ನೂ ನಾನೇ ಎತ್ತಿದೆ. ಹೆಂಗಸರ ಹಾಸ್ಟೆಲ್‌ನಿಂದ ಬಂದ ಕರೆ. ಬಟ್ಟೆ ಒಗೆಯುವಾಕೆ ಎರಡನೇ ಮಹಡಿಯಲ್ಲಿ ಬಟ್ಟೆಯ ಗಾಡಿಯನ್ನು ಹಿಮ್ಮುಖವಾಗಿ ಎಳೆದುಕೊಂಡು ಲಿಫ್ಟಿನ ಬಾಗಿಲು ತೆಗೆದಿದ್ದಾಳೆ. ಬಾಗಿಲು ತೆರೆದುಕೊಂಡಿದೆ. ಲಿಫ್ಟ್ ನೆಲಮಹಡಿಯಲ್ಲಿತ್ತು. ಕಾಲಿಟ್ಟಲ್ಲಿ ನೆಲವೇ ಇರಲಿಲ್ಲ. ಕರೆ ಮಾಡಿದ ಹುಡುಗಿ "ಬಿದ್ಬಿಟ್ರು, ಬಿದ್ಬಿಟ್ರು" ಅನ್ನುವುದನ್ನು ಬಿಟ್ಟು ಬೇರೇನೂ ಹೇಳಲಾರದೆ ಹೋದಳು.

ಮಾರನೆಯ ದಿನ ಲಿಫ್ಟ್ ಸುರಕ್ಷತೆ ನೋಡುವ ಇಲಾಖೆಯ ತನಿಖಾಧಿಕಾರಿ ಬಂದು ರಿಜಿಸ್ಟರ್ ತೆರೆದು ನನ್ನ ಮುಂದೆ ತಳ್ಳಿದರು. ಆ ಹಾಸ್ಟೆಲ್‌ನ ನಾಲ್ಕು ತಿಂಗಳ ತಪಾಸಣೆ ಹಾಳೆ. ಬಾಗಿಲ ಲಾಕ್, ಸರಿಯಿದೆ. ಬಾಗಿಲ ಲಾಕ್, ಸರಿಯಿದೆ. ಪರೀಕ್ಷಿಸಿದವರ ಜಾಗದಲ್ಲಿ ನನ್ನ ಹೆಸರು, ನನ್ನ ಸಹಿ. ಕೆಳಗೆ ಕಲಿಸಿದವರ ಜಾಗದಲ್ಲಿ ನೀವು. "ಇದು ನಿಮ್ಮ ಸಹಿ ಅಲ್ವಾ?" ಎಂದು ಅವರು ಕೇಳಿದರು. ಆ ಹಾಸ್ಟೆಲ್ ಯಾವ ಬೀದಿಯಲ್ಲಿದೆ ಎಂಬುದೂ ನನಗೆ ಗೊತ್ತಿರಲಿಲ್ಲ! ಆದರೆ ಪಕ್ಕದಲ್ಲಿದ್ದ ಸರಿ ಗುರುತುಗಳು ಯಾರವೆಂದು ಗೊತ್ತಾಯಿತು. ಎಡಗೈಯಲ್ಲಿ ಬರೆಯುವ ನೀವು ಹಾಕುವ, ಹಿಂದಕ್ಕೆ ವಾಲಿದ ಗುರುತುಗಳು. ತಲೆಯೆತ್ತಿ ನಿಮ್ಮನ್ನು ನೋಡಿದೆ. ನೀವು ಕಿಟಕಿ ನೋಡುತ್ತಿದ್ದಿರಿ.

ಅಧಿಕಾರಿ ಆಚೆ ಹೋದ ಐದು ನಿಮಿಷದಲ್ಲಿ ಮ್ಯಾನೇಜರ್ ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. "ನೋಡಿದೀನಿ ಅಂತ ನಾನೇ ಅಣ್ಣಂಗೆ ಸುಳ್ಳು ಹೇಳ್ದೆ ಅಂದ್ಬಿಡಿ. ನೀವು ಕಲಿಯೋರು, ನಿಮ್ಮನ್ನ ಯಾರೂ ಏನೂ ಮಾಡಲ್ಲ. ಅವರಿಗೆ ನಿವೃತ್ತಿ ಹತ್ತಿರ." ನೀವು ಅಲ್ಲೇ ಇದ್ದಿರಿ. ಬೇಡ ಎಂದು ಒಂದು ಮಾತು ಹೇಳುತ್ತೀರೆಂದು ಕಾದೆ. ಹೇಳಲಿಲ್ಲ. ಅಣ್ಣ, ಸಹಿ ನೋಡಿದಾಗ ಕಾಲಡಿಯ ನೆಲ ಅಲುಗಿತ್ತು ಅಷ್ಟೆ. ಕುಸಿದದ್ದು ಈ ಮೌನಕ್ಕೆ.

ಮೆಟ್ಟಿಲ ಬಳಿ ನಿಮ್ಮನ್ನು ಅಡ್ಡಗಟ್ಟಿ ಯಾಕೆ ಎಂದು ಕೇಳಿದೆ. "ಇಪ್ಪತ್ತು ಕಟ್ಟಡ ನೋಡಿದ ದಾಖಲೆ ಇಲ್ದೆ ನಿಂಗೆ ಸರ್ಟಿಫಿಕೇಟ್ ಕೊಡಲ್ಲ ತಂಗಿ. ಸರ್ಟಿಫಿಕೇಟ್ ಇಲ್ದೆ ಕಾಯಂ ಕೆಲಸ ಇಲ್ಲ. ನಿನ್ನ ಹೆಸರಲ್ಲಿ ಬರೆದಿಟ್ಟು ನಾನೇ ಹೋಗಿ ನೋಡ್ಕೊಂಡ್ ಬರೋಣ ಅಂದ್ಕೊಂಡೆ. ಆಗ್ಲಿಲ್ಲ. ಒಂದ್ಸಲನೂ ಆಗ್ಲಿಲ್ಲ." ನನ್ನ ಒಳ್ಳೆಯದಕ್ಕೆ! ನೀವು ನನಗೆ ಕೇಡು ಬಯಸಿದ್ದರೆ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಈಗ ಸಿಟ್ಟನ್ನು ಯಾರ ಮೇಲೆ ಇಳಿಸಲಿ?

ಇಪ್ಪತ್ತರಲ್ಲಿ ಒಂಬತ್ತು ಕಳೆದರೆ ಹನ್ನೊಂದು. ಆ ಹಾಸ್ಟೆಲ್ ಬಿಟ್ಟರೆ ಇನ್ನೂ ಹತ್ತು ಕಡೆ ಜನ ನನ್ನ ಸಹಿ ನಂಬಿ ಬಾಗಿಲು ಎಳೆಯುತ್ತಿದ್ದಾರೆ ಎಂದು ಹೊಳೆದದ್ದೇ ತಡ, ನಾನು ಅಧಿಕಾರಿಯ ಹಿಂದೆ ಓಡಿದೆ. ಸಹಿ ನನ್ನದಲ್ಲ, ಬರೆದವರು ಇಂಥವರು, ಬರೆಸಿದ ನಿಯಮ ಇಂಥದ್ದು, ಮ್ಯಾನೇಜರ್ ಹೇಳಿಕೊಟ್ಟ ಸುಳ್ಳು ಇಂಥದ್ದು ಎಂದು ಎಲ್ಲವನ್ನೂ ಹೇಳಿದೆ. ಹೌದು, ನಿಮ್ಮ ಹೆಸರನ್ನು ಹೇಳಿದವಳು ನಾನೇ. ಬೇರೆಯವರ ಬಾಯಿಂದ ನಿಮಗದು ಗೊತ್ತಾಗಬಾರದೆಂದೇ ಬರೆಯುತ್ತಿದ್ದೇನೆ. ಅವತ್ತೇ ಅವರ ಜೊತೆ ಹತ್ತೂ ಕಡೆ ಹೋದೆ. ಎಲ್ಲ ಮಹಡಿಗಳಲ್ಲೂ ನಾನೇ ಎಳೆದು ನೋಡಿದೆ. ಒಂದು ಕಡೆ, ಮಕ್ಕಳ ದಂತವೈದ್ಯರ ಕಟ್ಟಡದಲ್ಲಿ, ಬಾಗಿಲು ಬೆಣ್ಣೆಯಂತೆ ತೆರೆದುಕೊಂಡಿತು. ಅಧಿಕಾರಿ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಕೆಳಗೆ ಬರೀ ಕತ್ತಲೆ ಇತ್ತು.

ನನ್ನ ಇಂಟರ್ನ್‌ಶಿಪ್ ರದ್ದಾಗಿದೆ. ನಿನ್ನೆ ಮತ್ತೆ ಉದ್ಯೋಗ ಕಚೇರಿಯ ಸಾಲಿನಲ್ಲಿ ನಿಂತು ಬಂದೆ. ಅದಕ್ಕೆ ಮುಂಚೆ ಆಸ್ಪತ್ರೆಗೆ ಹೋಗಿದ್ದೆ. ಬಟ್ಟೆ ಒಗೆಯುವ ಆ ಅಕ್ಕನ ಸೊಂಟ ಮುರಿದಿದೆ, ಎರಡೂ ಕಾಲಿಗೆ ಕಟ್ಟು. ಮತ್ತೆ ನಡೆಯುತ್ತಾಳೋ ಇಲ್ಲವೋ ವೈದ್ಯರು ಹೇಳುತ್ತಿಲ್ಲ. ನನ್ನ ಹೆಸರು ಹೇಳಿದೆ. ಯಾರೋ ಅವಳಿಗೆ ಹಾಳೆಯ ವಿಷಯ ತಿಳಿಸಿದ್ದರು. "ನೋಡಿದ್ದು ನೀನೇನಾ?" ಅಂದಳು. ಅಲ್ಲ ಅಂದೆ. "ಮತ್ತೆ ಯಾರು ನೋಡಿದ್ರು?" ಅಂದಳು.

ಯಾರೂ ನೋಡಿರಲಿಲ್ಲ ಎಂದು ಹೇಳಲು ನನ್ನಿಂದಾಗಲಿಲ್ಲ. ಆ ಉತ್ತರ ನಿಮ್ಮದು, ಅಣ್ಣ. ಗುರುವಾರ ಹತ್ತು ಗಂಟೆಗೆ ವಿಚಾರಣೆ. ಮ್ಯಾನೇಜರ್ ಎಲ್ಲವನ್ನೂ ನಿಮ್ಮೊಬ್ಬರ ತಲೆಗೆ ಕಟ್ಟಲು ಹೊರಟಿದ್ದಾರೆ. ಮೂವರನ್ನು ಮನೆಗೆ ಕಳಿಸಿದವರು ಯಾರು, ನಿಮಗೆ ಉಸಿರಾಡಲು ಬಿಡದವರು ಯಾರು ಎಂಬುದನ್ನೂ ಹೇಳಿ. ಆದರೆ ಮೊದಲು ನಿಮ್ಮದನ್ನು ಹೇಳಿ. ನಾನು ಹೊರಗೆ ಬೆಂಚಿನ ಮೇಲಿರುತ್ತೇನೆ. ಸಾಕ್ಷಿ ಹೇಳುವುದು ನಿಮ್ಮ ವಿರುದ್ಧವೇ. ಆದರೂ ಪಕ್ಕದಲ್ಲಿ ನಿಮಗೆ ಜಾಗ ಹಿಡಿದಿರುತ್ತೇನೆ.

ಬಾಯಿ ಬಿಡುವ ಧೈರ್ಯ ನಿಮಗೆ ಬರಲಿ. ಆಮೇಲೆ ಕಣ್ತುಂಬ ನಿದ್ದೆ ಬರಲಿ.

ಏನೇ ಆದರೂ ಅಣ್ಣ ಎಂದೇ ಕರೆಯುವ,
ನಿಮ್ಮ ತಂಗಿ